ಅಪ್‌ಡೇಟ್: ಮಾಟುಂಗಾದ ತಂಗಿಗೆ ಲೇಸರ್ ಆಯ್ತು, ಇಬ್ಬರು ಮಕ್ಕಳೂ ಇದ್ದಾರೆ
ಹದಿನೈದು ದಿನದ ಹಿಂದೆ ಕೇಳಿದ್ದೆನಲ್ಲ: ತಂಗಿಗೆ 20ನೇ ವಾರ, ಅವಳಿ ಮಕ್ಕಳು, ಇಬ್ಬರಿಗೂ ಒಂದೇ ಮಾಸು, ಒಂದರ ಸುತ್ತ ನೀರು ವಿಪರೀತ, ಇನ್ನೊಂದಕ್ಕೆ ಬತ್ತಿದೆ, ಏನು ಮಾಡಲಿ ಅಂತ. ಮಾಸಿನ ನಾಳಗಳ ಮೂಲಕ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದುಹೋಗುವ ತೊಂದರೆಯಂತೆ ಇದು (ಟಿಟಿಟಿಎಸ್).

ಎಳನೀರು, ವಿಶ್ರಾಂತಿ ಯಾವುದೂ ಫಲ ಕೊಡಲಿಲ್ಲ. ನೀರು ತೆಗೆಸಿದೆವು, ನಾಲ್ಕೇ ದಿನಕ್ಕೆ ಮತ್ತೆ ತುಂಬಿತು. "ತಡ ಮಾಡಬೇಡಿ, ಲೇಸರ್ ಕೇಳಿ" ಎಂದ ಹುಬ್ಬಳ್ಳಿಯ ಅಕ್ಕನಿಗೆ ಕೈಮುಗಿಯುತ್ತೇನೆ. ಕೊನೆಗೆ ಕೈಹಿಡಿದದ್ದು ಅದೇ.

ಮಕ್ಕಳಿಗೇ ಆಪರೇಷನ್ ಅಂದುಕೊಂಡಿದ್ದೆ, ಅಲ್ಲವಂತೆ! ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ತೆಳು ದುರ್ಬೀನು ಇಳಿಸಿ, ಮಾಸಿನ ಮೇಲೆ ಇಬ್ಬರ ರಕ್ತವನ್ನು ಬೆರೆಸುವ ನಾಳಗಳನ್ನು ಸುಟ್ಟು ಮುಚ್ಚುತ್ತಾರೆ. ತಂಗಿ ಎಚ್ಚರವಾಗಿಯೇ ಇದ್ದಳು. ಈ ತೊಂದರೆಯ ಬಗ್ಗೆ 2004ರಲ್ಲಿ ಬಂದ ಅಧ್ಯಯನದಲ್ಲಿ ಒಂದು ಮಗುವಾದರೂ ಉಳಿದದ್ದು ಲೇಸರ್‌ನಲ್ಲಿ ನೂರಕ್ಕೆ 76, ನೀರು ತೆಗೆದವರಲ್ಲಿ 56.

ಒಂದೇ ಮಾಸಿನ ಅವಳಿಯಾದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ತಪ್ಪಿಸಬೇಡಿ. ನಿನ್ನೆ ನಮ್ಮದರಲ್ಲಿ ಎರಡೂ ಎದೆಬಡಿತ ಕೇಳಿಸಿತು, ನೀರು ಬತ್ತಿದ್ದ ಚಿಕ್ಕದರ ಮೂತ್ರಚೀಲ ಖಾಲಿಯಾಗಿ ಕಾಣುತ್ತಿರಲಿಲ್ಲ, ಅದೂ ತುಂಬಿ ಮತ್ತೆ ಕಾಣಿಸಿತು.