ಕಪ್ಪು ಟಿಟಿಯ ಗೀರು: ಉಜ್ಜಲಾ, ಬಿಡಲಾ?

ಚೆಂಬೂರಿನಿಂದ, ಕೇಳಿದವರು

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು 2012ರ ಆಡಿ ಟಿಟಿ ಕಾರು ತಗೊಂಡೆ. ಸೆಕೆಂಡ್ ಹ್ಯಾಂಡ್, ಬ್ರಿಲಿಯಂಟ್ ಬ್ಲ್ಯಾಕ್. ನೋಡಲು ಹೋದಾಗ ನೆರಳಲ್ಲಿ ಕನ್ನಡಿ ಹಾಗಿತ್ತು. ಮನೆಗೆ ತಂದು ಬಿಸಿಲಲ್ಲಿ ನಿಲ್ಲಿಸಿದರೆ ಬಾನೆಟ್ ತುಂಬ ಜೇಡರ ಬಲೆಯಂಥ ಸಣ್ಣ ಸಣ್ಣ ಗೀರು. ಬಲಗಡೆ ಬಾಗಿಲಿನ ಮೇಲೆ ಒಂದು ಉದ್ದ ಗೀರು, ಯಾರೋ ಕೀಲಿ ಎಳೆದ ಹಾಗಿದೆ. ಒಬ್ಬರು ‘ರಬ್ಬಿಂಗ್ ಹೊಡೆಸಿ (ಉಜ್ಜಿ ಪಾಲಿಶ್ ಮಾಡಿಸಿ), ಹೊಸದಾಗುತ್ತೆ’ ಅಂತಾರೆ. ಇನ್ನೊಬ್ಬರು ಇಡೀ ಗಾಡಿಗೆ ಬಣ್ಣ ಹೊಡೆಸಿ ಅಂತಾರೆ. ಮೂರನೆಯವರದು ಸೆರಾಮಿಕ್ ಕೋಟಿಂಗ್, ಬಣ್ಣದ ಮೇಲೆ ಹಚ್ಚುವ ಗಟ್ಟಿ ರಕ್ಷಣೆಯ ಲೇಪ. ನಾನೇ ಪಾಲಿಶ್ ಮಷೀನ್ ತಂದು ಮಾಡಲಾ? ಮಾಡಿ ನೋಡಿದವರು ಹೇಳಿ.

ಮುಲುಂಡ್‌ನಿಂದ

ನನ್ನದೂ ಅದೇ ಟಿಟಿ, ಅದೇ ಕಪ್ಪು ಮಾರಾಯ್ರೆ. ಮಷೀನ್ ಆಮೇಲೆ, ಮೊದಲು ಬಣ್ಣದ ದಪ್ಪ ಅಳೆಯುವ ಮೀಟರ್ ಹುಡುಕಿ. ಕಾರ್ಖಾನೆಯ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಇರುತ್ತದೆ. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, 40-50 ಅಷ್ಟೆ. ತಲೆಕೂದಲೇ ಸುಮಾರು 70 ಮೈಕ್ರಾನ್. ಅಂದರೆ ನೀವು ಉಜ್ಜಲು ಹೊರಟಿರುವುದು ಕೂದಲಿಗಿಂತ ತೆಳ್ಳಗಿನ ಪದರವನ್ನು. ಹಿಂದಿನ ಮಾಲೀಕರು ಎಷ್ಟು ಸಲ ಉಜ್ಜಿಸಿದ್ದರೋ ದೇವರೇ ಬಲ್ಲ.

ನಾನು ಪರಿಚಯದವರ ಹತ್ತಿರ ಒಂದು ಅಗ್ಗದ ಮೀಟರ್ ಇಸ್ಕೊಂಡು ಬಂದೆ. ಬಾಗಿಲ ಮೇಲೆ 120 ತೋರಿಸಿತು. ಬಾನೆಟ್ ಮೇಲೆ ಇಟ್ಟರೆ ಏನೂ ಇಲ್ಲ. ಸೆಲ್ ಬದಲಿಸಿದೆ, ಆಗಲೂ ಇಲ್ಲ. ಅರ್ಧ ಗಂಟೆ ಪರದಾಡಿದ ಮೇಲೆ ಹೊಳೆಯಿತು. ಈ ಮಾಡೆಲ್‌ನಲ್ಲಿ ಬಾಗಿಲು, ಡಿಕ್ಕಿ ಉಕ್ಕಿನವು, ಬಾನೆಟ್ ಅಲ್ಯೂಮಿನಿಯಂ! ಕಬ್ಬಿಣವನ್ನಷ್ಟೇ ಗುರುತಿಸುವ ಮೀಟರ್ ಇದಕ್ಕೆ ಸಾಲದು, ಎರಡನ್ನೂ ಅಳೆಯುವಂಥದ್ದು ಬೇಕು. 200 ದಾಟಿದರೆ ಅಲ್ಲಿ ಹಿಂದೆ ಬಣ್ಣ ಹೊಡೆಸಿದ್ದಾರೆ ಅಂತಲೇ ಇಟ್ಟುಕೊಳ್ಳಿ. 80ರ ಆಸುಪಾಸು ಬಂದರೆ ಆ ಜಾಗಕ್ಕೆ ಕೈ ಹಚ್ಚಬೇಡಿ.

ಬಾಗಿಲಿನ ಗೀರಿನ ಮೇಲೆ ಅಡ್ಡ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಹೋಗುವ ಗೀರಲ್ಲ. ಅದನ್ನು ಪೂರ್ತಿ ಅಳಿಸುವ ಹಟಕ್ಕೆ ಬಿದ್ದರೆ ಸುತ್ತಲಿನ ಕ್ಲಿಯರ್ ಕೋಟೂ ಹೋಗುತ್ತದೆ.

ಇನ್ನು ಕೆಲಸದ ಮಾತು. ಎರಡು ಬಕೆಟ್ ಇಟ್ಟುಕೊಂಡು ತೊಳೆಯಿರಿ. ಒಂದರಲ್ಲಿ ಶಾಂಪೂ, ಇನ್ನೊಂದು ಬಟ್ಟೆ ಜಾಲಿಸಲು. ನನ್ನ ಗಾಡಿ ರೈಲ್ವೆ ಹಳಿಯ ಪಕ್ಕ ನಿಲ್ಲುತ್ತದೆ. ಐರನ್ ರಿಮೂವರ್ ಹೊಡೆದಾಗ ಹಿಂಭಾಗದಿಂದ ನೇರಳೆ ಬಣ್ಣದ ನೀರು ಇಳಿಯಿತು. ಬಣ್ಣದೊಳಗೆ ಚುಚ್ಚಿಕೊಂಡ ಕಬ್ಬಿಣದ ಪುಡಿ ಅದು. ಉಳಿದದ್ದನ್ನು ಕ್ಲೇ ಬಾರ್ (ಬಣ್ಣದ ಮೇಲೆ ಉಜ್ಜುವ ಜೇಡಿಮಣ್ಣಿನಂಥ ಮೆದು ತುಂಡು) ಎಳೆಯುತ್ತದೆ. ಈ ಕೆಲಸ ಬಿಟ್ಟು ಪಾಲಿಶ್‌ಗೆ ಕೂತರೆ ಅದೇ ಪುಡಿ ಪ್ಯಾಡ್‌ಗೆ ಹತ್ತಿ ಹೊಸ ಗೀರು ಹಾಕುತ್ತದೆ.

ಮಷೀನ್ ಡಿಎ (ಡ್ಯುಯಲ್ ಆ್ಯಕ್ಷನ್) ತಗೊಳ್ಳಿ. ಅದು ತಿರುಗುತ್ತಾ ಓಲಾಡುತ್ತದೆ, ಒಂದೇ ಕಡೆ ಬಿಸಿ ಕಟ್ಟುವುದು ಕಡಿಮೆ. ಗ್ಯಾರೇಜುಗಳಲ್ಲಿ ಇರುವ, ಬರೀ ಗಿರಗಿರ ತಿರುಗುವ ರೋಟರಿ ಹೊಸಬರ ಕೈಯಲ್ಲಿ ಬಣ್ಣ ಸುಡುತ್ತದೆ, ಕಪ್ಪಿನ ಮೇಲೆ ಹೊಲೊಗ್ರಾಮ್ (ಬಿಸಿಲಲ್ಲಿ ಕಾಣುವ ಮಷೀನಿನ ಉಜ್ಜಿದ ಗುರುತು) ಬಿಡುತ್ತದೆ. ಒಂದೂವರೆ ಅಡಿ ಚೌಕಕ್ಕೆ ಟೇಪ್ ಹಚ್ಚಿ, ಮೆದು ಪ್ಯಾಡ್ ಮತ್ತು ನಯವಾದ ಪಾಲಿಶ್‌ನಿಂದ ಶುರು ಮಾಡಿ. ಅದರಲ್ಲಿ ಆಗದಿದ್ದರೆ ಮಾತ್ರ ಜೋರಿನದಕ್ಕೆ ಹೋಗಿ. ನನ್ನ ಗಾಡಿಯ ಕ್ಲಿಯರ್ ಕೋಟ್ ಗಟ್ಟಿ, ಮೆದು ಪ್ಯಾಡ್‌ಗೆ ಜಗ್ಗಲಿಲ್ಲ. ಕೊನೆಗೆ ಮೈಕ್ರೋಫೈಬರ್ ಪ್ಯಾಡ್‌ನಲ್ಲಿ ಮೆಗ್ವಾಯರ್ಸ್ ಕಂಪನಿಯ ಜೋರಿನ ಕಾಂಪೌಂಡ್ ಎಂ105 ಹಾಕಿ, ಅದರ ಮೇಲೆ ಫೋಮ್‌ ಪ್ಯಾಡ್‌ನಲ್ಲಿ ಅವರದೇ ನಯವಾದ ಪಾಲಿಶ್ ಎಂ205 ಓಡಿಸಿದೆ. ಪ್ರತಿ ಸುತ್ತಿನ ನಂತರ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಟಾರ್ಚ್ ಹಾಕಿ ನೋಡಿ. ಇಲ್ಲವಾದರೆ ಪಾಲಿಶ್‌ನ ಎಣ್ಣೆ ಗೀರಿನೊಳಗೆ ಕೂತು ಎಲ್ಲ ಹೋಯಿತು ಅನ್ನಿಸುತ್ತದೆ. ನಾಲ್ಕು ಸಲ ತೊಳೆದ ಮೇಲೆ ಜೇಡರ ಬಲೆ ವಾಪಸ್ ಹಾಜರ್. ಬಹುಶಃ ನಿಮಗೆ ಮಾರಿದವರೂ ಹೀಗೇ ಮಾಡಿದ್ದಾರೆ.

ನಾನು ಕೆಡಿಸಿದ್ದನ್ನೂ ಹೇಳಿಬಿಡುತ್ತೇನೆ. ಸಂಜೆ ಸುಸ್ತಾಗಿತ್ತು. ‘ಇದೊಂದಕ್ಕೆ ಏನು’ ಅಂತ ಬಾನೆಟ್‌ನ ಅಂಚಿಗೆ ಟೇಪ್ ಹಚ್ಚಲಿಲ್ಲ. ಅಂಚಿನಲ್ಲಿ ಬಣ್ಣ ತೆಳು. ಬೆಂಕಿಕಡ್ಡಿಯಷ್ಟು ಉದ್ದ ಪ್ರೈಮರ್ (ಬಣ್ಣದ ಕೆಳಗಿನ ಅಸ್ತರಿ ಪದರ) ಕಂಡಿತು. ಈಗಲೂ ಹಾಗೇ ಇದೆ, ದಿನಾ ಬೆಳಿಗ್ಗೆ ಅದನ್ನೇ ನೋಡುತ್ತೇನೆ.

ಪುಣೆ, ಚಿಂಚ್ವಡ್‌ನಿಂದ

ಕಾರ್ಖಾನೆಯ ಪೇಂಟ್ ಶಾಪ್‌ನಲ್ಲಿ ಹದಿನಾಲ್ಕು ವರ್ಷ ಕಳೆದವನು ನಾನು. ಇಡೀ ಗಾಡಿಗೆ ಬಣ್ಣ ಹೊಡೆಸುವ ಸಲಹೆ ಕಿವಿಗೇ ಹಾಕಿಕೊಳ್ಳಬೇಡಿ. ನಮ್ಮಲ್ಲಿ ಓವನ್‌ಗೆ ಹೋಗುವುದು ಬರೀ ಬಾಡಿ. ವೈರಿಲ್ಲ, ಸೀಟಿಲ್ಲ, ರಬ್ಬರಿಲ್ಲ. ಹಾಗಾಗಿ 140 ಡಿಗ್ರಿ ಹತ್ತಿರ ಬೇಯಿಸಬಹುದು. ಗ್ಯಾರೇಜಿನಲ್ಲಿ ಪೂರ್ತಿ ಗಾಡಿಯೇ ಒಳಗೆ ಹೋಗುತ್ತದೆ, 60-80 ಡಿಗ್ರಿಯಲ್ಲಿ ಮುಗಿಸಬೇಕು. ಅದಕ್ಕೆ ಬೇರೆಯದೇ ಬಣ್ಣ, ಹಾರ್ಡ್‌ನರ್ ಬೆರೆಸಿ ಗಟ್ಟಿ ಮಾಡುವಂಥದ್ದು. ಪಳಗಿದ ಕೈಯಾದರೆ ಚೆನ್ನಾಗಿಯೇ ಬರುತ್ತದೆ. ಆದರೆ ಮೂಲ ಬಣ್ಣ ಇನ್ನೂ ಇರುವಾಗ ಅದನ್ನು ಕೆರೆದು ಹಾಕುವುದು ನನ್ನ ಪ್ರಕಾರ ಪಾಪದ ಕೆಲಸ.

ಮುಲುಂಡಿನವರ ಮಾತಿಗೆ ಒಂದು ತಕರಾರು. ಮೀಟರ್ ಹೇಳುವುದು ಒಟ್ಟು ದಪ್ಪ. ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಅಂತ ಅದು ಹೇಳುವುದಿಲ್ಲ. 120 ಬಂತು ಅಂತ ಧೈರ್ಯವಾಗಿ ಕಾಂಪೌಂಡ್ ಹೊಡೆಯಬೇಡಿ. ಒಂದೇ ಪ್ಯಾನೆಲ್‌ನಲ್ಲಿ ಐದಾರು ಕಡೆ ಅಳೆಯಿರಿ. ಅಕ್ಕಪಕ್ಕಕ್ಕಿಂತ ಒಂದು ಕಡೆ ತಟ್ಟನೆ ಕಡಿಮೆಯಾದರೆ ಅಲ್ಲಿ ಯಾರೋ ಉಜ್ಜಿದ್ದಾರೆ. ನಿಮ್ಮದು ಕ್ಲಿಯರ್ ಕೋಟ್ ಇರುವ ಗಾಡಿ, ಪ್ಯಾಡ್‌ಗೆ ಕಪ್ಪು ಹತ್ತಲೇಬಾರದು. ಹತ್ತಿದರೆ ಸ್ವಿಚ್ ಆಫ್ ಮಾಡಿ, ಚಹಾ ಕುಡಿಯಿರಿ. ಕೆಲಸ ಮುಗಿದಿದೆ, ಕೆಟ್ಟ ಅರ್ಥದಲ್ಲಿ.

ಸೆರಾಮಿಕ್ ಗೀರು ತುಂಬುವುದಿಲ್ಲ. ಇದ್ದ ಗೀರಿನ ಮೇಲೆ ಗಾಜು ಹಾಕಿದ ಹಾಗೆ ಕೂರುತ್ತದೆ ಅಷ್ಟೆ.

ಡೊಂಬಿವಲಿಯಿಂದ

ಇಷ್ಟೆಲ್ಲ ಮಾಡಿಸಿ, ಮರುದಿನ ಬೆಳಿಗ್ಗೆ ಸೊಸೈಟಿಯಲ್ಲಿ ಗಾಡಿ ಒರೆಸುವ ಹುಡುಗನಿಗೆ ಬಿಟ್ಟರೆ ಮುಗೀತು. ಒಂದು ಬಕೆಟ್ ನೀರು, ಒಂದು ಬಟ್ಟೆ, ಇಪ್ಪತ್ತು ಗಾಡಿ. ಮಗ್ಗುಲಲ್ಲಿ ರೀಡೆವಲಪ್‌ಮೆಂಟ್ ಕೆಲಸ ಬೇರೆ, ಸಿಮೆಂಟ್ ಧೂಳು. ಅವನ ತಪ್ಪೇನಿಲ್ಲ ಬಿಡಿ, ಅವನಿಗೆ ಸಿಗುವುದೇ ಅಷ್ಟು. ನಾನು ತಿಂಗಳ ದುಡ್ಡು ಕೊಡುತ್ತೇನೆ, ‘ಗಾಜು, ಚಕ್ರ ಮಾತ್ರ ಒರೆಸಪ್ಪ’ ಅಂತ ಹೇಳಿದ್ದೇನೆ.

ಗೋವಾ, ಮಡಗಾಂವ್‌ನಿಂದ

ನಮ್ಮ ಕಡೆ ಗೀರಿಗಿಂತ ದೊಡ್ಡ ಕಾಟ ಮಾವಿನ ಸೊನೆ ಮತ್ತು ಬಾವಲಿಗಳದ್ದು ರೀ. ಬಾವಲಿಯ ಹಿಕ್ಕೆ ಬಿಸಿಲಲ್ಲಿ ಒಂದು ದಿನ ಕೂತರೆ ಬಣ್ಣದಲ್ಲಿ ಗುಳಿ ಬೀಳುತ್ತದೆ. ಉಗುರಿನಿಂದ ಕೆರೆಯಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಮೇಲಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಕೆಂಪು ಧೂಳನ್ನಂತೂ ಒಣ ಬಟ್ಟೆಯಲ್ಲಿ ಒರೆಸಲೇಬಾರದು. ಮರಳು ಕಾಗದ ಎಳೆದ ಹಾಗೆಯೇ.

ವಾಶಿಯಿಂದ

ಬಾಗಿಲಿಗೆ ಇನ್ಶೂರೆನ್ಸ್ ಕ್ಲೇಮ್ ಮಾಡುವ ಯೋಚನೆ ಇದ್ದರೆ ಮೊದಲು ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಎಷ್ಟಿದೆ ನೋಡಿ. ಐದು ವರ್ಷಕ್ಕೆ 50% ತನಕ ಏರುತ್ತದೆ. ಅದನ್ನು ಉಳಿಸುವ ಆಡ್-ಆನ್ ತಗೊಂಡಿರದಿದ್ದರೆ ಒಂದು ಗೀರಿನ ಕ್ಲೇಮ್‌ಗೆ ಸೊನ್ನೆಗೆ ಬರುತ್ತದೆ. ಲೆಕ್ಕ ಹಾಕಿ ಆಮೇಲೆ ಫೋನ್ ಮಾಡಿ.

ಚೆಂಬೂರಿನಿಂದ, ಮೂರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಎರಡನ್ನೂ ಅಳೆಯುವ ಮೀಟರ್ ಬಾಡಿಗೆಗೆ ಸಿಕ್ಕಿತು. ಬಾನೆಟ್ 115ರಿಂದ 122. ಎಡಗಡೆಯ ಹಿಂದಿನ ಫೆಂಡರ್ 240, ಮಾರಿದವರು ಇದನ್ನು ಹೇಳಿರಲಿಲ್ಲ. ಬೇಸ್‌ಮೆಂಟ್‌ನಲ್ಲಿ ನಿಲ್ಲಿಸಿ ಬಾನೆಟ್ ಮತ್ತು ಬಲಗಡೆ ಮಾಡಿದೆ. ಅದಕ್ಕೇ ಎರಡು ಭಾನುವಾರ ಹೋಯಿತು, ಭುಜ ಇನ್ನೂ ನೋಯುತ್ತಿದೆ. ಜೇಡರ ಬಲೆ ಮುಕ್ಕಾಲು ಪಾಲು ಹೋಗಿದೆ. ಉಳಿದ ಕಾಲು ಪಾಲನ್ನು ಪುಣೆಯವರ ಮಾತು ನೆನೆದು ಹಾಗೇ ಬಿಟ್ಟೆ.

ಬಾಗಿಲಿನ ಗೀರಿಗೆ ಉಗುರು ಸಿಕ್ಕಿತು. ಗಾಡಿಯ ಸ್ಟಿಕರ್‌ನಲ್ಲಿದ್ದ ಬಣ್ಣದ ಕೋಡ್ ತೋರಿಸಿ ಟಚ್-ಅಪ್ ಪೆನ್ ತರಿಸಿ, ಹಲ್ಲುಕಡ್ಡಿಯಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿದೆ. ಮೆಟಾಲಿಕ್ ಅಲ್ಲದ ಕಪ್ಪು, ಹಾಗಾಗಿ ಬಣ್ಣ ಹೊಂದಿಕೊಂಡಿತು. ಎರಡು ಅಡಿಯಿಂದ ನನಗೆ ಕಾಣುತ್ತದೆ. ಹೆಂಡತಿಗೆ ಕಾಣುವುದಿಲ್ಲವಂತೆ, ಎಲ್ಲಿ ಅಂತ ತೋರಿಸಿದ ಮೇಲೂ.