ಹಳೆ ಬೈಕಿನ ಮೂಲ ಬಣ್ಣ ಪತ್ತೆ ಹೇಗೆ?

ಪ್ರಶ್ನೆ: ಟ್ಯಾಂಕಿಗೆ ಬಣ್ಣದ ಮೇಲೆ ಬಣ್ಣ ಹೊಡೆದಿದ್ದಾರೆ. ಕಂಪನಿ ಬಣ್ಣ ಯಾವುದಿತ್ತೆಂದು ತಿಳಿಯುವುದು ಹೇಗೆ? ಪೂರ್ತಿ ಕೆರೆದುಬಿಡಲೇ?

ಉತ್ತರ: ಕೆರೆಯಬೇಡಿ ಸಾರ್! ಮೊದಲು ಬ್ಯಾಡ್ಜ್ ಬಿಚ್ಚಿ ಅದರಡಿ ನೋಡಿ, ಟೂಲ್‌ಬಾಕ್ಸ್ ಮುಚ್ಚಳದ ಒಳಗೂ ನೋಡಿ. ಸಿಗದಿದ್ದರೆ ಟ್ಯಾಂಕಿನ ಕೆಳಬದಿ ನಾಣ್ಯದಗಲ ಜಾಗವನ್ನು 800 ನಂಬರ್ ವಾಟರ್ ಪೇಪರಿನಿಂದ (ನುಣ್ಣನೆಯ ಉಪ್ಪುಕಾಗದ) ನೀರು ಹಾಕಿ ಉಜ್ಜಿ. ಪದರಗಳು ಉಂಗುರದಂತೆ ಬಿಚ್ಚಿಕೊಳ್ಳುತ್ತವೆ; ತಳದ ಪ್ರೈಮರಿಗೆ (ಬಣ್ಣಕ್ಕೂ ಮೊದಲು ತಗಡಿಗೆ ಹೊಡೆಯುವ ಪದರ) ಅಂಟಿಕೊಂಡಿರುವುದೇ ಸಾಮಾನ್ಯವಾಗಿ ಮೂಲ ಬಣ್ಣ. 2000 ಪೇಪರ್, ಕಾಂಪೌಂಡ್ (ಪಾಲಿಶ್ ಪೇಸ್ಟ್) ಹಾಕಿ ಹೊಳಪು ಬರಿಸಿದ ಮೇಲಷ್ಟೇ ಪೇಂಟ್ ಅಂಗಡಿಯ ಬಣ್ಣ ಅಳೆಯುವ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿ. ಮಂಕಾಗಿದ್ದರೆ ಶೇಡ್ ತಪ್ಪುತ್ತದೆ.

ಉತ್ತರ: ಕ್ಯಾಂಡಿ ಬಣ್ಣವಾದರೆ (ಸಿಲ್ವರ್ ಮೇಲೆ ಹೊಡೆಯುವ ಪಾರದರ್ಶಕ ಬಣ್ಣ) ಸ್ಕ್ಯಾನರ್ ನೆಚ್ಚಬೇಡಿ, ಅಡಿಯ ಸಿಲ್ವರ್ ಮತ್ತು ಕೋಟುಗಳ ಲೆಕ್ಕದ ಮೇಲೆ ಶೇಡ್ ಬದಲಾಗುತ್ತದೆ. ತಗಡಿನ ತುಂಡುಗಳಿಗೆ 2, 3, 4 ಕೋಟು ಹೊಡೆದು, ಒಣಗಿದ ಮೇಲೆ ಬಿಸಿಲಲ್ಲಿ ಹೋಲಿಸಿ.

ಉತ್ತರ: ಥಿನ್ನರ್ ಬಟ್ಟೆಗೆ ಹಳೆ ಬಣ್ಣ ಸಲೀಸಾಗಿ ಕರಗಿ ಬಂದರೆ ಅದರ ಮೇಲೆ 2ಕೆ ಪ್ರೈಮರ್ (ಹಾರ್ಡನರ್ ಬೆರೆಸಿ ಹೊಡೆಯುವಂಥದ್ದು) ಹೊಡೆಯಬೇಡಿ, ಸುಕ್ಕುಗಟ್ಟಬಹುದು. ಆಗ ತಗಡಿನವರೆಗೂ ಕೆರೆಯುವುದೇ ಸುರಕ್ಷಿತ.