ಪದ ಬೇಕಾಗಿದೆ: ಕೊಲೋನ್ ಆರಿದ ಮೇಲೆ ಉಳಿಯುವ ಕಂಪಿಗೆ

ಸಿಟ್ರಸ್ ಕೊಲೋನ್, ಅಂದರೆ ನಿಂಬೆ ಕಿತ್ತಳೆ ಜಾತಿಯ ಘಮದ ತೆಳು ಸೆಂಟು, ಹಚ್ಚಿಕೊಂಡಾಗ ಏನೇನು ಅನಿಸುತ್ತದೆ ಅನ್ನುವುದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪುಟದ ಬರಹ ಅಷ್ಟೆ. ಆದರೂ ಸಾಲು ಸಾಲಿಗೆ ಪದ ಹುಡುಕುವಂತಾಗಿದೆ. ಕೆಲವಕ್ಕೆ ನನಗೇ ಉತ್ತರ ಹೊಳೆದಿದೆ, ಸರಿಯೋ ತಪ್ಪೋ ನೀವು ಹೇಳಬೇಕು. ಒಂದು ಪದ ಮಾತ್ರ ಸಿಕ್ಕೇ ಇಲ್ಲ.

ಮೊದಲು ಕ್ರಿಯಾಪದ. ಇಂಗ್ಲಿಷಿನವರು ಅಂಗಿ ತೊಡುವುದಕ್ಕೆ ಬಳಸುವ ಮಾತನ್ನೇ ಸೆಂಟಿಗೂ ಬಳಸುತ್ತಾರೆ. ಅದನ್ನು ನೋಡಿಕೊಂಡು 'ಕೊಲೋನ್ ಧರಿಸಿದೆ' ಅಂತ ಬರೆದರೆ ಕಿವಿಗೆ ಒಗ್ಗುವುದಿಲ್ಲ. ನಾವು ಸೆಂಟು ಹಾಕಿಕೊಳ್ಳುತ್ತೇವೆ, ಹೊಡೆದುಕೊಳ್ಳುತ್ತೇವೆ. 'ಹೊಡೆದುಕೊಳ್ಳು' ಸ್ಪ್ರೇ ಬಾಟಲಿಗೆ ಸರಿ. ಆದರೆ ಕೊಲೋನನ್ನು ಅಂಗೈಗೆ ಸುರಿದುಕೊಂಡು ಕತ್ತಿಗೆ, ತೋಳಿಗೆ ತಟ್ಟಿಕೊಳ್ಳುವುದೂ ಇದೆ. 'ಪೂಸಿಕೊಳ್ಳು' ಅಂದರೆ ಗಟ್ಟಿ ಲೇಪ ಕಣ್ಣ ಮುಂದೆ ಬರುತ್ತದೆ. ನೀರಿನಂಥ ಕೊಲೋನಿಗೆ ಅದು ಭಾರ. ನನ್ನ ಆಯ್ಕೆ 'ಹಚ್ಚಿಕೊಳ್ಳು'. ಅದಕ್ಕೆ ಇನ್ನೊಂದು ಕಾರಣವೂ ಇದೆ. ಮಗು ಯಾರನ್ನೋ ತುಂಬಾ ಹಚ್ಚಿಕೊಂಡಿದೆ ಅಂತೀವಲ್ಲ, ಆ ಅರ್ಥ. ಒಂದೇ ಕೊಲೋನನ್ನು ವರ್ಷಗಟ್ಟಲೆ ಬಳಸಿದವರಿಗೆ ಈ ಎರಡೂ ಅರ್ಥ ಒಟ್ಟಿಗೇ ಕೇಳಿಸುತ್ತವೆ. ನನಗಂತೂ ಕೇಳಿಸುತ್ತವೆ.

ಸಿಟ್ರಸ್ ಘಮಕ್ಕೆ 'ಹುಳಿಗಂಪು' ಅಂತ ಒಂದು ಕಡೆ ಬರೆದು ಹೊಡೆದುಹಾಕಿದೆ. ಹುಳಿ ವಾಸನೆ ಅಂದರೆ ನಮಗೆ ಏನೋ ಕೆಟ್ಟಿದೆ, ಹಳಸಿದೆ ಅನ್ನುವ ಭಾವನೆ ಬರುತ್ತದೆ. ಅಲ್ಲದೆ ನಿಂಬೆಯ ಹುಳಿ ಇರುವುದು ರಸದ ಸಿಟ್ರಿಕ್ ಆಮ್ಲದಲ್ಲಿ. ಅದು ಆವಿಯಾಗಿ ಮೂಗಿಗೆ ಬರುವಂಥದ್ದಲ್ಲ. ಕೊಲೋನಿನಲ್ಲಿರುವುದು ಸಿಪ್ಪೆಯ ಎಣ್ಣೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಭಾಗ ಲಿಮೊನೀನ್ ಅನ್ನುವ, ಬೇಗ ಆವಿಯಾಗುವ ರಾಸಾಯನಿಕ. ಅದಕ್ಕೂ ಹುಳಿಗೂ ಸಂಬಂಧವಿಲ್ಲ. ನಾಲಿಗೆಯ ನೆನಪು ಮೂಗಿಗೆ ಅಂಟಿಕೊಂಡಿರುತ್ತದೆ, ಅಷ್ಟೆ.

ಹಾಗಾದರೆ ಹಚ್ಚಿಕೊಂಡ ತಕ್ಷಣ ಮುಖಕ್ಕೆ ರಾಚುವ ಆ ಮೊದಲ ಘಮಕ್ಕೆ ಏನನ್ನಬೇಕು? 'ಘಾಟು' ಬೇಡ, ಅದು ಮೂಗನ್ನು ಸುಡುತ್ತದೆ. 'ವಾಸನೆ'ಯಲ್ಲಿ ಒಳ್ಳೆಯದು ಕೆಟ್ಟದ್ದು ಎರಡೂ ಇದೆ. ಮೇಲಾಗಿ, ಮನಸ್ಸಿನಲ್ಲಿ ಹಿಂದಿನಿಂದ ಉಳಿದುಬಂದದ್ದಕ್ಕೂ 'ವಾಸನೆ' ಅಂತಾರೆ. ಈ ಘಮವೋ ಉಳಿಯುವಂಥದ್ದೇ ಅಲ್ಲ. ಹೀಗೆ ಯೋಚಿಸುತ್ತಿದ್ದಾಗ ಹಳೆಯ ಸಂಸ್ಕೃತ ನಿಘಂಟು ಅಮರಕೋಶದ ಒಂದು ಸಾಲು ನೆನಪಾಯಿತು. ಅಲ್ಲಿ 'ಪರಿಮಳ' ಅಂದರೆ ಯಾವುದೋ ಒಂದು ಒಳ್ಳೆಯ ವಾಸನೆ ಅಲ್ಲ. ತಿಕ್ಕಿದಾಗ, ಉಜ್ಜಿದಾಗ ಏಳುವ, ಮನಸ್ಸನ್ನು ಸೆಳೆಯುವ ಗಂಧಕ್ಕೆ ಆ ಹೆಸರು. ದೂರದವರೆಗೆ ಹರಡುವುದಕ್ಕೆ ಬೇರೆಯೇ ಪದ ಇದೆ, 'ಆಮೋದ'. ಕನ್ನಡದಲ್ಲಿ ಆಮೋದ ಬರೀ ಸಂತೋಷವಾಗಿ ಉಳಿಯಿತು. ಪರಿಮಳ ಎಲ್ಲ ಒಳ್ಳೆಯ ವಾಸನೆಗೂ ಹಬ್ಬಿತು.

ಆ ಹಳೆಯ ಅರ್ಥ ಸಿಟ್ರಸ್‌ಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಇಡೀ ಕಿತ್ತಳೆ ಸುಮ್ನೆ ಕೂತಿದ್ದರೆ ಅಷ್ಟೇನೂ ಘಮ ಬರುವುದಿಲ್ಲ. ಸಿಪ್ಪೆಯನ್ನು ಉಗುರಿನಿಂದ ಗೀರಿ, ಬಗ್ಗಿಸಿ ಹಿಸುಕಿದರೆ ಅದರ ಎಣ್ಣೆಗುಳ್ಳೆಗಳು ಒಡೆದು ತುಂತುರು ಹಾರುತ್ತದೆ. ಬೆರ್ಗಾಮಾಟ್ (ಇದೂ ಒಂದು ಸಿಟ್ರಸ್ ಹಣ್ಣು), ನಿಂಬೆ, ಕಿತ್ತಳೆಗಳ ಎಣ್ಣೆ ತೆಗೆಯುವುದೂ ಹೆಚ್ಚಾಗಿ ಹೀಗೇ. ಕಾಯಿಸದೆ, ಸಿಪ್ಪೆಯನ್ನು ಒತ್ತಿ ತೆಗೆಯುತ್ತಾರೆ. ಇದು ಪದದ ಮೂಲ ಅರ್ಥದಲ್ಲೇ ಪರಿಮಳ. ಹಾಗಾಗಿ ಮೊದಲ ಗಳಿಗೆಗೆ ನಾನು 'ಪರಿಮಳ' ಅಂತಲೇ ಬರೆದೆ, ಅದರ ಪಕ್ಕದಲ್ಲಿ 'ಚಿಮ್ಮಿತು' ಅಂತ ಇಟ್ಟೆ. 'ಬೀರಿತು', 'ಸೂಸಿತು' ಎರಡೂ ಇಲ್ಲಿ ತೀರಾ ನಿಧಾನ.

ಇನ್ನು ತಂಪು. ಕೊಲೋನಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 2ರಿಂದ 5 ಭಾಗ ಮಾತ್ರ ಸುಗಂಧದ ಎಣ್ಣೆ ಇರುತ್ತದೆ. ಉಳಿದದ್ದು ಆಲ್ಕೋಹಾಲು, ನೀರು. ಆಲ್ಕೋಹಾಲು ಹಾರಿಹೋಗುವಾಗ ಚರ್ಮದ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ತಣ್ಣಗಾಗುವುದೂ ಘಮ ಏಳುವುದೂ ಒಂದೇ ಕ್ಷಣದಲ್ಲಿ. ಜೊಹಾನ್ ಮರಿಯಾ ಫರೀನಾ ಇಟಲಿಯಿಂದ ಜರ್ಮನಿಯ ಕೊಲೋನ್ ನಗರಕ್ಕೆ ಬಂದು ನೆಲೆಸಿ, ತನ್ನ ಸುಗಂಧದ ನೀರಿಗೆ ಆ ಊರಿನ ಹೆಸರನ್ನೇ ಕೊಟ್ಟವನು. 1708ರಲ್ಲಿ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಬರೆದ ಕಾಗದದಲ್ಲಿ ಅವನು ಆ ಘಮವನ್ನು ಇಟಲಿಯ ವಸಂತದ ಬೆಳಗಿಗೆ, ಮಳೆ ನಿಂತ ಮೇಲಿನ ಕಿತ್ತಳೆ ಹೂವಿಗೆ ಹೋಲಿಸಿದ್ದ. ಅವನಿಗೂ ಹೊಳೆದದ್ದು ಬೆಳಗು, ಮಳೆ. ನನಗೆ ಇದು ಬಹಳ ಹಿಡಿಸಿತು. ತಣ್ಣನೆಯ ಗಾಳಿ 'ತಂಗಾಳಿ' ಆದ ಹಾಗೆ ತಣ್ಣನೆಯ ಕಂಪು 'ತಂಗಂಪು' ಆಗಬಹುದಲ್ವಾ? ನನ್ನ ಬರಹದಲ್ಲಿ ಬಳಸಿದ್ದೇನೆ. ಓದುವಾಗ ಎಡವುವಂತಿದ್ದರೆ ಹೇಳಿ.

ಈಗ ಸಿಗದ ಪದಕ್ಕೆ ಬರುತ್ತೇನೆ.

ಸಿಟ್ರಸ್ ಎಣ್ಣೆಯ ಕಣಗಳು ಚಿಕ್ಕವು, ಹಗುರ. ಬೇಗ ಹಾರಿಹೋಗುತ್ತವೆ. ನಿಂಬೆ ಮೊದಲು ಹೊರಡುತ್ತದೆ. ಸ್ವಲ್ಪ ಹೊತ್ತು ಕಿತ್ತಳೆ ಹೂವಿನ ಕಂಪು, ಎಲೆಕಡ್ಡಿಯ ಒಗರು ನಿಲ್ಲುತ್ತದೆ. ಗಂಟೆ ಎರಡು ಗಂಟೆಯಲ್ಲಿ ಅದೂ ಇಳಿಯುತ್ತದೆ. ಈ ಇಳಿಯುವಿಕೆಗೆ ಕ್ರಿಯಾಪದ ನಮ್ಮಲ್ಲೇ ಇದೆ, 'ಆರು'. ಒದ್ದೆ ಆರುತ್ತದೆ, ಬಿಸಿ ಆರುತ್ತದೆ, ದೀಪ ಆರುತ್ತದೆ. ಕೊಲೋನಿನಲ್ಲಿ ಈ ಮೂರೂ ಆಗುತ್ತವೆ. ಚರ್ಮದ ಒದ್ದೆ ಆರುತ್ತದೆ, ಮೈಯ ಬಿಸಿ ಆರುತ್ತದೆ, ಕೊನೆಗೆ ಘಮವೂ ಆರುತ್ತದೆ. ಸುಗಂಧದವರು ಇದನ್ನು ಡ್ರೈಡೌನ್ ಅಂತಾರೆ. ಅದರಲ್ಲಿ ಒಣಗುವುದು ಮಾತ್ರ ಇದೆ. ನಮ್ಮ 'ಆರು' ಅದಕ್ಕಿಂತ ತುಂಬಿಕೊಂಡ ಮಾತು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಒಂದು ಎಚ್ಚರ ಬೇಕು. ಎಷ್ಟೋ ಸಲ ಘಮ ಆರಿರುವುದಿಲ್ಲ, ನಮ್ಮ ಮೂಗು ಅದಕ್ಕೆ ಒಗ್ಗಿರುತ್ತದೆ. ನಮಗೆ ತಿಳಿಯದಿದ್ದರೂ ಪಕ್ಕದವರಿಗೆ ತಿಳಿಯುತ್ತಿರುತ್ತದೆ. ಬರೆಯುವಾಗ 'ಆರಿತು', 'ಒಗ್ಗಿತು' ಎರಡನ್ನೂ ಬೇರೆ ಬೇರೆ ಇಡಬೇಕು.

ಆದರೆ ಎಲ್ಲ ಆರಿದ ಮೇಲೂ ಏನೋ ಒಂದು ಉಳಿದಿರುತ್ತದೆ. ಮಣಿಕಟ್ಟನ್ನು ಮೂಗಿಗೆ ತಾಗಿಸಿದರೆ ಮಾತ್ರ ಸಿಗುವಂಥದ್ದು. ಅರ್ಧ ಕೊಲೋನಿನದು, ಅರ್ಧ ನಮ್ಮ ಚರ್ಮದ್ದೇ. ಇಡೀ ಅನುಭವದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಇದಕ್ಕೆ ಹೆಸರು ಬೇಕು. 'ನರುಗಂಪು' ಆಗದು, ಅದರಲ್ಲಿ ನವಿರು ಇದೆ, ಉಳಿದದ್ದು ಅನ್ನುವ ಅರ್ಥವಿಲ್ಲ. 'ನಸುಗಂಪು' ಹತ್ತಿರ ಬರುತ್ತದೆ, ಆದರೆ ಅವಸರದಲ್ಲಿ ಓದುವವರು 'ನಸುಗೆಂಪು' ಅಂತ ಬಣ್ಣ ಮಾಡಿಕೊಳ್ಳುತ್ತಾರೆ. 'ಆರುಗಂಪು' ಅಂದರೆ ಎಣಿಸಲು ಶುರುಮಾಡುತ್ತಾರೆ. 'ಉಳಿಗಂಪು' ಅರ್ಥಕ್ಕೆ ಸರಿ, ನಾಲಿಗೆಗೆ ಒರಟು. ಸದ್ಯಕ್ಕೆ 'ಆರಿದ ಕಂಪು' ಅಂತ ಎರಡು ಪದ ಹಾಕಿದ್ದೇನೆ.

ಕೈಗೋ ಬಟ್ಟೆಗೋ ಅಂಟಿಕೊಂಡು ಉಳಿದ, ಹತ್ತಿರ ಬಂದವರಿಗೆ ಮಾತ್ರ ತಿಳಿಯುವ ಕಂಪಿಗೆ ನಿಮ್ಮ ಮನೆಮಾತಿನಲ್ಲಿ ಒಂದೇ ಪದ ಇದೆಯಾ? ಇದ್ದರೆ ಪದ ಮಾತ್ರ ಸಾಲದು. ಅದು ಬರುವ ಒಂದು ಮಾತನ್ನೂ ಹಾಗೇ, ಆಡಿದ ರೀತಿಯಲ್ಲೇ ಬರೆದು ತಿಳಿಸಿ.